ಹೆಪ್ಪುಗಟ್ಟಿದ ಜೌಗು ಕರಗಿದರೆ 'ಮೀಥೇನ್ ಬಾಂಬ್' ಸಿಡಿಯುತ್ತದೆಯೇ?

ಉತ್ತರ ಧ್ರುವದ ಸುತ್ತಲಿನ ಹೆಪ್ಪುಗಟ್ಟಿದ ನೆಲ ಕರಗುತ್ತಿದೆ, ಅದರೊಳಗಿನ ಮೀಥೇನ್ ಒಂದು ದಿನ ಒಮ್ಮೆಲೇ ಹೊರನುಗ್ಗಿ ಭೂಮಿಯನ್ನು ಬೇಯಿಸಿಬಿಡುತ್ತದೆ ಎನ್ನುವ ವಿಡಿಯೊಗಳು ಆಗಾಗ ನಮ್ಮ ಮೊಬೈಲಿಗೂ ಬರುತ್ತವೆ. ನೆಲ ಕರಗುತ್ತಿರುವುದು ನಿಜ, ಮೀಥೇನ್ ಬರುತ್ತಿರುವುದೂ ನಿಜ. ಆದರೆ ಅದು ಬಾಂಬಿನಂತೆ ಸಿಡಿಯುವುದಿಲ್ಲ.

ಸತತ ಎರಡು ವರ್ಷವಾದರೂ 0 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿರುವ ನೆಲವೇ ಪರ್ಮಾಫ್ರಾಸ್ಟ್. ಇದು ಬರೀ ಮಂಜುಗಡ್ಡೆಯಲ್ಲ. ಮಣ್ಣು, ಕಲ್ಲು, ಸಾವಿರಾರು ವರ್ಷಗಳಿಂದ ಕೊಳೆಯದೆ ಉಳಿದ ಗಿಡ, ಬೇರು, ಪಾಚಿ ಎಲ್ಲವೂ ಇದರಲ್ಲಿವೆ. ಉತ್ತರದ ಪರ್ಮಾಫ್ರಾಸ್ಟ್ ಪ್ರದೇಶದ ಮಣ್ಣಿನಲ್ಲಿರುವ ಇಂಗಾಲ ಸುಮಾರು 1.5 ಲಕ್ಷ ಕೋಟಿ ಟನ್. ವಾತಾವರಣದಲ್ಲಿ ಈಗ ಇರುವ ಇಂಗಾಲದ ಹೆಚ್ಚುಕಡಿಮೆ ಎರಡು ಪಟ್ಟು!

ಈ ಇಂಗಾಲದ ಬಹುಪಾಲು ಸಿಲಿಂಡರಿನಲ್ಲಿ ತುಂಬಿಟ್ಟ ಅನಿಲದಂತೆ ಕೂತಿಲ್ಲ. ಕರೆಂಟ್ ಹೋದ ಫ್ರಿಜ್ಜಿನಲ್ಲಿನ ತರಕಾರಿಯಂತೆ ಅದು ಮೊದಲು ಕರಗಬೇಕು, ಆಮೇಲೆ ಸೂಕ್ಷ್ಮಜೀವಿಗಳು ಅದನ್ನು ತಿನ್ನಬೇಕು. ಆಗಲೇ ಅನಿಲ. ಯಾವ ಅನಿಲ ಎಂಬುದನ್ನು ನಿರ್ಧರಿಸುವುದು ನೀರು. ನೆಲ ಒಣಗಿ ಗಾಳಿಯಾಡಿದರೆ ಇಂಗಾಲದ ಡೈಆಕ್ಸೈಡ್ ಬರುತ್ತದೆ. ನೀರು ನಿಂತು ಆಮ್ಲಜನಕ ಇಲ್ಲವಾದರೆ ಮೀಥೇನ್ ಕೂಡ ಹುಟ್ಟುತ್ತದೆ. ಗೋಬರ್ ಗ್ಯಾಸ್ ಗುಂಡಿಯಲ್ಲಿ, ನೀರು ಕಟ್ಟಿದ ಭತ್ತದ ಗದ್ದೆಯಲ್ಲಿ ನಡೆಯುವುದೂ ಇದೇ. ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೊ ಮೀಥೇನ್ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಮಾಡುತ್ತದೆ. ಆದರೆ ಅದು ಗಾಳಿಯಲ್ಲಿ ಉಳಿಯುವುದು ಸರಾಸರಿ ಹನ್ನೆರಡು ವರ್ಷವಷ್ಟೇ.

ಇದನ್ನು ಕಣ್ಣಾರೆ ನೋಡಬಹುದಾದ ಜಾಗ ಸ್ವೀಡನ್‌ನ ಉತ್ತರ ಭಾಗದಲ್ಲಿ, ಅಬಿಸ್ಕೊ ಹತ್ತಿರವಿರುವ ಸ್ಟೋರ್ಡಾಲೆನ್ ಜೌಗು. ಆರ್ಕ್ಟಿಕ್ ವೃತ್ತದಿಂದ ಸುಮಾರು 200 ಕಿ.ಮೀ. ಉತ್ತರಕ್ಕಿದೆ. ವಿಜ್ಞಾನಿಗಳು 1970ರ ದಶಕದಿಂದಲೂ ಇಲ್ಲಿ ಮೀಥೇನ್ ಅಳೆಯುತ್ತಾ ಬಂದಿದ್ದಾರೆ. ಇಲ್ಲಿ ಪಾಲ್ಸಾ ಎಂಬ ದಿಬ್ಬಗಳಿವೆ: ಮೇಲೆ ಅರೆಕೊಳೆತ ಗಿಡಗಳ ಕಪ್ಪು ಮಣ್ಣು, ಒಳಗೆ ಹಿಮದ ತಿರುಳು. ದಿಬ್ಬದ ಮೇಲ್ಭಾಗ ಒಣಗಿರುವುದರಿಂದ ಅಲ್ಲಿ ಮೀಥೇನ್ ಇಲ್ಲವೆನ್ನುವಷ್ಟು ಕಡಿಮೆ. ಒಳಗಿನ ಹಿಮ ಕರಗಿದಾಗ ದಿಬ್ಬ ಕುಸಿಯುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಮೊದಲು ಸ್ಫ್ಯಾಗ್ನಮ್ ಪಾಚಿ ಬರುತ್ತದೆ, ಇನ್ನೂ ಒದ್ದೆಯಾದರೆ ಜೇಕಿನ ಜಾತಿಯ ಗಿಡಗಳು ಬೆಳೆಯುತ್ತವೆ. ಹತ್ತಿಯಂಥ ಬಿಳಿ ತೆನೆಯ ಕಾಟನ್ ಗ್ರಾಸ್ ಅವುಗಳಲ್ಲೊಂದು. ನೋಡಲು ಅಂದವಾಗಿದೆ, ಕೆಲಸ ಮಾತ್ರ ಬೇರೆ. ಅದರ ಕಾಂಡದೊಳಗಿನ ಗಾಳಿಕೊಳವೆಗಳು ಸ್ಟ್ರಾ ಇದ್ದಂತೆ. ಕೆಸರಿನ ಮೀಥೇನ್ ಅವುಗಳ ಮೂಲಕ ನೇರವಾಗಿ ಗಾಳಿಗೆ ಸೇರುತ್ತದೆ. ಮೇಲ್ಪದರದಲ್ಲಿ ಮೀಥೇನನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾಗಳೂ ಇವೆ, ಆದರೆ ಈ ಅಡ್ಡದಾರಿಯಲ್ಲಿ ಹೋದದ್ದು ಅವುಗಳ ಕೈಗೆ ಸಿಗುವುದಿಲ್ಲ. ಹೀಗೆ 1970ರಿಂದ 2000ದವರೆಗೆ ಈ ಜೌಗಿನಿಂದ ಬರುವ ಮೀಥೇನ್ ಶೇ. 22ರಿಂದ 66ರಷ್ಟು ಹೆಚ್ಚಿರಬಹುದೆಂದು ಸಂಶೋಧಕರು ಅಂದಾಜಿಸಿದ್ದಾರೆ. 2014ರಲ್ಲಿ ಇಲ್ಲಿನ ಕರಗುವ ನೆಲದಲ್ಲಿ ಗುರುತಿಸಿದ ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಗೆ ಈ ಜೌಗಿನ ಹೆಸರನ್ನೇ ಇಟ್ಟರು.

ಬಾಂಬ್ ಅಲ್ಲ ಎಂದರೆ ನೆಮ್ಮದಿಯಿಂದಿರಬಹುದೇ? ಅದೂ ಇಲ್ಲ. 2021ರ ಐಪಿಸಿಸಿ ವರದಿಯ ಅಂದಾಜಿನಂತೆ, ಭೂಮಿ ಒಂದು ಡಿಗ್ರಿ ಬಿಸಿಯಾದರೆ 2100ರ ಹೊತ್ತಿಗೆ ಪರ್ಮಾಫ್ರಾಸ್ಟ್‌ನಿಂದ ಇಂಗಾಲದ ಡೈಆಕ್ಸೈಡ್ ರೂಪದಲ್ಲೇ ಸುಮಾರು 1,800 ಕೋಟಿ ಟನ್ ಇಂಗಾಲ ಹೊರಬರಬಹುದು. ಕಲ್ಲಿದ್ದಲು, ತೈಲ, ಅನಿಲ ಸುಟ್ಟು ನಾವು ಎರಡು ವರ್ಷದಲ್ಲಿ ಬಿಡುವ ಇಂಗಾಲ ಹತ್ತಿರಹತ್ತಿರ ಅಷ್ಟೇ. ಆದರೆ ಆ ಅಂದಾಜಿನ ವ್ಯಾಪ್ತಿ 310 ಕೋಟಿಯಿಂದ 4,100 ಕೋಟಿ ಟನ್‌ವರೆಗೆ ಹರಡಿದೆ. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಒಣಗುತ್ತದೆ, ಹೊಸ ಗಿಡಗಳು ಎಷ್ಟನ್ನು ವಾಪಸ್ ಹೀರುತ್ತವೆ ಎಂದು ಜಾಗಜಾಗಕ್ಕೂ ಲೆಕ್ಕ ಹಾಕುವುದು ಅಷ್ಟು ಕಷ್ಟ.

ಇನ್ನೊಂದು ತೊಡಕಿದೆ. ದೇಶಗಳು ಹಸಿರುಮನೆ ಅನಿಲಗಳ ಲೆಕ್ಕ ಕೊಡುವಾಗ ಮನುಷ್ಯರ ಚಟುವಟಿಕೆಯಿಂದ ಬಂದದ್ದನ್ನು ಬರೆಯುತ್ತವೆ. ಸ್ಟೋರ್ಡಾಲೆನ್‌ನಂಥ ಜೌಗು ಬಿಡುವ ಮೀಥೇನ್ ಆ ಪಟ್ಟಿಯಲ್ಲಿ ಬರುವುದಿಲ್ಲ, ಗಾಳಿಗೆ ಮಾತ್ರ ಸೇರುತ್ತಲೇ ಇರುತ್ತದೆ. ಕಾರ್ಖಾನೆಯ ಚಿಮಣಿಯನ್ನಾದರೆ ಮುಚ್ಚಿಸಬಹುದು. ಕುಸಿದು ನೀರು ತುಂಬಿದ ಪಾಲ್ಸಾವನ್ನು ಮತ್ತೆ ಹೆಪ್ಪುಗಟ್ಟಿಸುವ ಉಪಾಯ ನಮ್ಮಲ್ಲಿಲ್ಲ.