ಫಿಲಿಪೈನ್ಸ್ ಧ್ವಜ ಮತ್ತು ಒಂಬತ್ತನೆಯ ಕಿರಣ

ಗಲ್ಫ್ ರಾಷ್ಟ್ರಗಳಲ್ಲಿ ದುಡಿದು ಬಂದವರಿಗೆ ಫಿಲಿಪ್ಪೀನಿಗಳು ಹೊಸಬರಲ್ಲ. ಆಸ್ಪತ್ರೆಯ ನರ್ಸ್, ಅಂಗಡಿಯ ಕ್ಯಾಶಿಯರ್, ಹಡಗಿನ ಕೆಲಸಗಾರ, ಹೀಗೆ ಎಲ್ಲ ಕಡೆ ಅವರಿದ್ದಾರೆ. ನಮ್ಮ ರೈತರಿಗೆ ಆ ದೇಶದ ಪರಿಚಯ ಇನ್ನೊಂದು ದಾರಿಯಿಂದ ಆಯಿತು. 1960ರ ದಶಕದಲ್ಲಿ ನಮ್ಮ ಗದ್ದೆಗಳಿಗೆ ಇಳಿದ ಐಆರ್-8 ಭತ್ತದ ತಳಿ ಅಲ್ಲಿನ ಲಾಸ್ ಬಾನ್ಯೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯದು. ಆದರೂ ಆ ದೇಶದ ಚರಿತ್ರೆ ನಮ್ಮ ಪಠ್ಯಪುಸ್ತಕಗಳಲ್ಲಿ ಸಿಗುವುದು ತೀರಾ ಕಡಿಮೆ. ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ಆ ನಾಡನ್ನು ಮುನ್ನೂರು ವರ್ಷಕ್ಕೂ ಮಿಕ್ಕಿ ಸ್ಪೇನ್ ಆಳಿತು, ಅನಂತರ ಸುಮಾರು ಅರ್ಧ ಶತಮಾನ ಅಮೆರಿಕ ಆಳಿತು, ನಡುವೆ ಮೂರು ವರ್ಷ ಜಪಾನಿನ ಸೇನೆ ಕುಳಿತಿತ್ತು. ಈ ಇಡೀ ಚರಿತ್ರೆಯನ್ನು ಅವರ ರಾಷ್ಟ್ರಧ್ವಜವೊಂದನ್ನೇ ಹಿಡಿದು ಹೇಳಬಹುದು. ಅಷ್ಟೇ ಅಲ್ಲ, ಆ ದೇಶದ ಮುಸ್ಲಿಮರು ಅದೇ ಧ್ವಜದ ಬಗ್ಗೆ ಕೇಳಿದ ಒಂದು ಪ್ರಶ್ನೆಯೂ ಇದೆ. ವಿದ್ಯಾರ್ಥಿಗಳು ಅದನ್ನು ತಿಳಿದಿರುವುದು ಒಳ್ಳೆಯದು.

ಮೊದಲು ಧ್ವಜದ ರೂಪ. ಮೇಲೆ ನೀಲಿ, ಕೆಳಗೆ ಕೆಂಪು, ಕಂಬದ ಕಡೆಗೆ ಬಿಳಿಯ ತ್ರಿಕೋನ. ತ್ರಿಕೋನದ ನಡುವೆ ಎಂಟು ಕಿರಣಗಳ ಹೊಂಬಣ್ಣದ ಸೂರ್ಯ, ಮೂರು ಮೂಲೆಗಳಲ್ಲಿ ಮೂರು ನಕ್ಷತ್ರ.

1896ರ ಆಗಸ್ಟ್‌ನಲ್ಲಿ ಕಟಿಪುನಾನ್ ಎಂಬ ರಹಸ್ಯ ಸಂಘ ಸ್ಪೇನಿನ ವಿರುದ್ಧ ಬಂಡಾಯವೆದ್ದಿತು. ಸ್ಪೇನಿನ ಗವರ್ನರ್ ಜನರಲ್ ಮನಿಲಾ ಮತ್ತು ಅದರ ಆಸುಪಾಸಿನ ಪ್ರಾಂತಗಳು ಸೇರಿ ಒಟ್ಟು ಎಂಟು ಪ್ರಾಂತಗಳಲ್ಲಿ ಸೈನಿಕ ಕಾನೂನು ಜಾರಿಗೊಳಿಸಿದ. ಸೂರ್ಯನ ಎಂಟು ಕಿರಣಗಳು ಆ ಎಂಟು ಪ್ರಾಂತಗಳು. ಬಂಡಾಯದಲ್ಲಿ ಪಾಲ್ಗೊಳ್ಳದೆ ಬರೀ ಪುಸ್ತಕ ಬರೆದಿದ್ದ ವೈದ್ಯ ಹೊಸೆ ರಿಸಾಲ್ ಅವರನ್ನೂ ಆ ವರ್ಷದ ಡಿಸೆಂಬರ್ 30ರಂದು ಮನಿಲಾದಲ್ಲಿ ಗುಂಡಿಕ್ಕಿ ಕೊಂದರು. ಬಂಡಾಯದ ನಾಯಕ ಎಮಿಲಿಯೊ ಅಗಿನಾಲ್ಡೊ 1897ರ ಕೊನೆಗೆ ಒಪ್ಪಂದ ಮಾಡಿಕೊಂಡು ಹಾಂಗ್‌ಕಾಂಗ್‌ಗೆ ಹೋದರು.

ಧ್ವಜ ಹುಟ್ಟಿದ್ದು ಅಲ್ಲಿ, ಪರದೇಶದಲ್ಲಿ. ದೇಶಭ್ರಷ್ಟರಾಗಿ ಹಾಂಗ್‌ಕಾಂಗ್‌ನಲ್ಲಿದ್ದ ವಕೀಲ ಫೆಲಿಪೆ ಅಗೊನ್ಸಿಲ್ಯೊ ಅವರ ಪತ್ನಿ ಮಾರ್ಸೆಲಾ ಹೊಲಿಗೆಯಲ್ಲಿ ನುರಿತವರು. ಅಗಿನಾಲ್ಡೊ ಆ ಕೆಲಸವನ್ನು ಅವರಿಗೆ ಒಪ್ಪಿಸಿದರು. ಮಾರ್ಸೆಲಾ, ಅವರ ಪುಟ್ಟ ಮಗಳು ಲೊರೆಂಜಾ ಮತ್ತು ಡೆಲ್ಫಿನಾ ಹೆರ್ಬೊಸಾ ಎಂಬ ಯುವತಿ ಸೇರಿ ಐದು ದಿನಗಳಲ್ಲಿ ರೇಷ್ಮೆಯ ಧ್ವಜವನ್ನು ಹೊಲಿದು ಮುಗಿಸಿದರು. ಈ ಡೆಲ್ಫಿನಾ ರಿಸಾಲ್ ಅವರ ಅಕ್ಕನ ಮಗಳು. ರಿಸಾಲ್ ಅವರ ಭಾವ ಎಂಬ ಕಾರಣಕ್ಕೆ ಆಕೆಯ ತಂದೆಯ ಶವಕ್ಕೆ ಚರ್ಚಿನ ಸ್ಮಶಾನದಲ್ಲಿ ಜಾಗ ನಿರಾಕರಿಸಲಾಗಿತ್ತು. ಸೂಜಿ ಹಿಡಿದ ಆ ಕೈಗೆ ಏನು ನೆನಪಿದ್ದಿರಬಹುದು ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. 1898ರ ಮೇ 17ರಂದು ಅಗಿನಾಲ್ಡೊ ಧ್ವಜವನ್ನು ತೆಗೆದುಕೊಂಡು ತಾಯ್ನಾಡಿಗೆ ಹೊರಟರು. ಜೂನ್ 12ರಂದು ಕವಿಟೆ ಪ್ರಾಂತದ ಕಾವಿಟ್ ಊರಿನ ತಮ್ಮ ಮನೆಯಲ್ಲಿ ಸ್ವಾತಂತ್ರ್ಯ ಘೋಷಿಸಿ ಅದನ್ನು ಏರಿಸಿದರು. ಹೂಲಿಯಾನ್ ಫೆಲಿಪೆ ರಚಿಸಿದ ರಾಗವನ್ನು ವಾದ್ಯದವರು ನುಡಿಸಿದರು. ಅದೇ ಇಂದಿನ ಅವರ ರಾಷ್ಟ್ರಗೀತೆಯ ರಾಗ. ಆಗ ಅದಕ್ಕೆ ಮಾತುಗಳೇ ಇರಲಿಲ್ಲ, ಮರುವರ್ಷ ಸೇರಿದವು.

ಆ ದಿನದ ಘೋಷಣಾ ಪತ್ರದಲ್ಲಿ ಎರಡು ಮಾತುಗಳಿವೆ, ಮುಂದಿನ ಕಥೆಗೆ ಎರಡೂ ಬೇಕು. ಒಂದು, ನೀಲಿ, ಕೆಂಪು, ಬಿಳಿ ಬಣ್ಣಗಳು ಅಮೆರಿಕದ ಧ್ವಜವನ್ನು ನೆನಪಿಸುವಂಥವು, ಆ ದೇಶ ನೀಡಿದ ರಕ್ಷಣೆಗೆ ಇದು ನಮ್ಮ ಕೃತಜ್ಞತೆ ಎಂದು. ಇನ್ನೊಂದು, ಮೂರು ನಕ್ಷತ್ರಗಳು ಲುಜೋನ್, ಮಿಂಡನಾವೊ ಮತ್ತು ಪನಾಯ್ ದ್ವೀಪಗಳನ್ನು ಸೂಚಿಸುತ್ತವೆ ಎಂದು. (ಪನಾಯ್ ಬದಲು ವಿಸಾಯಸ್ ದ್ವೀಪ ಸಮೂಹ ಎನ್ನುವುದು ಈಗಿನ ವಾಡಿಕೆ.)

ಕೃತಜ್ಞತೆಗೆ ಸಿಕ್ಕ ಪ್ರತಿಫಲ ಬೇರೆಯೇ. 1898ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ಸ್ಪೇನ್ ಎರಡು ಕೋಟಿ ಡಾಲರ್ ಪಡೆದು ಆ ದ್ವೀಪಗಳನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಮಾತುಕತೆಗೆ ಹೋಗಿದ್ದ ಫೆಲಿಪೆ ಅಗೊನ್ಸಿಲ್ಯೊ ಅವರನ್ನು ಯಾರೂ ಒಳಗೆ ಕರೆಯಲಿಲ್ಲ. 1899ರ ಫೆಬ್ರವರಿಯಲ್ಲಿ ಫಿಲಿಪೈನ್ಸ್–ಅಮೆರಿಕ ಯುದ್ಧ ಶುರುವಾಯಿತು. ಸೋತ ಮೇಲೆ ಧ್ವಜವೂ ಬೀದಿಯಿಂದ ಮರೆಯಾಯಿತು, ನಾಟಕದವರು ಮಾತ್ರ ಅದನ್ನು ಬಿಡಲಿಲ್ಲ. ಪಾತ್ರಧಾರಿಗಳು ನೀಲಿ, ಕೆಂಪು, ಬಿಳಿ ಉಡುಪು ತೊಟ್ಟು ರಂಗದ ಮೇಲೆ ಸರಿಯಾದ ಕ್ಷಣದಲ್ಲಿ ಒಟ್ಟಾಗಿ ನಿಂತರೆ ಧ್ವಜವೇ ಕಾಣುತ್ತಿತ್ತು. ಅಷ್ಟರಲ್ಲಿ ಅವರು ಮತ್ತೆ ಚದುರಿ ಹೋಗುತ್ತಿದ್ದರು.

1907ರ ಆಗಸ್ಟ್ 23ರಂದು ಅಮೆರಿಕನ್ ಸರಕಾರ ಧ್ವಜ ಕಾನೂನನ್ನೇ ತಂದಿತು. ಧ್ವಜವನ್ನಾಗಲಿ, ಅದರ ಚಿತ್ರವಿರುವ ಯಾವ ವಸ್ತುವನ್ನಾಗಲಿ ಜನರ ಕಣ್ಣಿಗೆ ಬೀಳುವಂತೆ ಇಡುವುದು ಅಪರಾಧ. ಈ ಕಾನೂನು ಎಷ್ಟು ಬಿಗಿಯಾಗಿತ್ತು ಎನ್ನುವುದಕ್ಕೆ ಗೋ ಚಿಕೊ ಎಂಬ ಮನಿಲಾದ ಅಂಗಡಿಕಾರನ ಮೊಕದ್ದಮೆ ಸಾಕು. 1908ರ ಆಗಸ್ಟ್‌ನಲ್ಲಿ ಆತ ಸರಕಾರಿ ಅಧಿಕಾರಿಯೇ ನಡೆಸಿದ ಹರಾಜಿನಲ್ಲಿ ಒಂದಷ್ಟು ಸಾಮಾನು ಕೊಂಡ. ಅದರಲ್ಲಿ ಅಗಿನಾಲ್ಡೊ ಅವರ ಚಿತ್ರ ಮತ್ತು ಧ್ವಜದ ಚಿತ್ರವಿದ್ದ ಗುಂಡಿಯಷ್ಟು ದೊಡ್ಡ ಪದಕಗಳಿದ್ದವು. ಮರುದಿನ ಅವನ್ನು ಅಂಗಡಿಯ ಗಾಜಿನ ಕಪಾಟಿನಲ್ಲಿ ಮಾರಾಟಕ್ಕಿಟ್ಟ. ಕಾನೂನು ಇರುವುದೇ ತನಗೆ ಗೊತ್ತಿರಲಿಲ್ಲ, ದುರುದ್ದೇಶವೂ ಇರಲಿಲ್ಲ ಎಂದು ವಾದಿಸಿದ. 1909ರಲ್ಲಿ ಸುಪ್ರೀಂ ಕೋರ್ಟು ಉದ್ದೇಶ ಏನಿತ್ತೆಂದು ನೋಡಬೇಕಾಗಿಲ್ಲ, ಪ್ರದರ್ಶಿಸಿದ್ದೇ ಅಪರಾಧ ಎಂದು 500 ಪೆಸೊ ದಂಡವನ್ನು ಎತ್ತಿಹಿಡಿಯಿತು. ಸರಕಾರವೇ ಹರಾಜು ಹಾಕಿದ ಮಾಲು, ಸರಕಾರವೇ ಹಾಕಿದ ದಂಡ!

ಹನ್ನೆರಡು ವರ್ಷಗಳ ಬಳಿಕ, 1919ರ ಅಕ್ಟೋಬರ್‌ನಲ್ಲಿ ಕಾನೂನು ರದ್ದಾಯಿತು. ಜನ ಧ್ವಜಕ್ಕಾಗಿ ಮುಗಿಬಿದ್ದರು. ಸರಿಯಾದ ನೀಲಿ ಬಟ್ಟೆ ಸಿಗದೆ ಅಮೆರಿಕದ ಧ್ವಜಕ್ಕೆ ಬಳಸುವ ಕಡುನೀಲಿ ಬಟ್ಟೆಯನ್ನೇ ಹೊಲಿದರಂತೆ. ಮೂಲದ ನೀಲಿ ಯಾವುದು ಎಂಬ ಚರ್ಚೆ ಅಲ್ಲಿ ಮುಂದೆ ಬಹಳ ಕಾಲ ನಡೆಯಿತು. 1985ರಲ್ಲಿ ಅಧ್ಯಕ್ಷ ಮಾರ್ಕೋಸ್ ತಿಳಿನೀಲಿ ಮಾಡಿಸಿದರು, ಅವರು ಪದಚ್ಯುತರಾದ ಮೇಲೆ ಅದು ಮತ್ತೆ ಕಡುನೀಲಿಯಾಯಿತು, ಕೊನೆಗೆ 1998ರ ಕಾನೂನು ಎರಡರ ನಡುವಿನ ರಾಯಲ್ ಬ್ಲೂ ಬಣ್ಣವನ್ನು ಗೊತ್ತುಮಾಡಿತು. ಜಪಾನಿನ ಆಕ್ರಮಣ ಕಾಲದಲ್ಲಿ ಧ್ವಜಕ್ಕೆ ಎರಡನೇ ಬಾರಿ ನಿಷೇಧ ಬಿದ್ದು 1943ರ ಅಕ್ಟೋಬರ್‌ವರೆಗೆ ಮುಂದುವರಿಯಿತು. 1946ರ ಜುಲೈ 4ರಂದು ಅಮೆರಿಕದ ಧ್ವಜ ಇಳಿದು ಇವರ ಧ್ವಜ ಏರಿತು. ಆದರೆ ಆಳಿದವರು ಕೊಟ್ಟ ದಿನಾಂಕ ಬೇಡ, ನಾವು ಘೋಷಿಸಿಕೊಂಡ ದಿನಾಂಕವೇ ಇರಲಿ ಎಂದು 1962ರಲ್ಲಿ ಅಧ್ಯಕ್ಷ ಮಕಪಗಾಲ್ ಸ್ವಾತಂತ್ರ್ಯ ದಿನವನ್ನು ಜೂನ್ 12ಕ್ಕೆ ಬದಲಿಸಿದರು.

ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಧ್ವಜಕ್ಕೆ ಗೌರವದ ನಿಯಮಗಳೂ ಅಷ್ಟೇ ಕಟ್ಟುನಿಟ್ಟು. 1998ರ ಫೆಬ್ರವರಿಯಲ್ಲಿ ಅಧ್ಯಕ್ಷ ಫಿಡೆಲ್ ರಾಮೋಸ್ ಸಹಿ ಹಾಕಿದ ಧ್ವಜ ಸಂಹಿತೆಯ ಪ್ರಕಾರ ಸರಕಾರಿ ಕಚೇರಿಗಳಲ್ಲೂ ವಿದ್ಯಾಸಂಸ್ಥೆಗಳಲ್ಲೂ ಪ್ರತಿ ಸೋಮವಾರ ಬೆಳಿಗ್ಗೆ ಧ್ವಜಾರೋಹಣ, ಶುಕ್ರವಾರ ಸಂಜೆ ಅವರೋಹಣ. ಧ್ವಜವನ್ನು ಮೇಜಿನ ಹೊದಿಕೆ, ಪರದೆ, ವೇಷಭೂಷಣ, ಜಾಹೀರಾತು ಇವುಗಳಿಗೆ ಬಳಸಕೂಡದು. ನೈಟ್ ಕ್ಲಬ್, ಜೂಜಿನ ಅಡ್ಡೆ, ಕೋಳಿ ಅಂಕ ನಡೆಯುವ ಜಾಗಗಳಲ್ಲಿ ಕಟ್ಟಕೂಡದು. (ಕೋಳಿ ಅಂಕ ನಮ್ಮ ಕರಾವಳಿಯಷ್ಟೇ ಅಲ್ಲಿಯೂ ಜನಪ್ರಿಯ.) ಹರಿದ ಧ್ವಜವನ್ನು ಎಸೆಯದೆ ಗೌರವದಿಂದ ಸುಡಬೇಕು. ತಪ್ಪಿದರೆ 5,000ದಿಂದ 20,000 ಪೆಸೊವರೆಗೆ ದಂಡ ಅಥವಾ ಒಂದು ವರ್ಷದವರೆಗೆ ಸೆರೆವಾಸ, ಕೆಲವೊಮ್ಮೆ ಎರಡೂ. ಇನ್ನೊಂದು ವಿಶೇಷವೆಂದರೆ ಯುದ್ಧ ಕಾಲದಲ್ಲಿ ಧ್ವಜವನ್ನು ತಲೆಕೆಳಗಾಗಿ, ಕೆಂಪು ಮೇಲೆ ಬರುವಂತೆ ಹಾರಿಸಬೇಕು. ಹಾಗಾಗಿ ಅಜಾಗರೂಕತೆಯಿಂದ ಉಲ್ಟಾ ಕಟ್ಟಿದರೆ ಯುದ್ಧ ಸಾರಿದಂತೆ ಅರ್ಥ. 2010ರಲ್ಲಿ ನ್ಯೂಯಾರ್ಕ್‌ನಲ್ಲಿ ಅಮೆರಿಕ ಮತ್ತು ಆಸಿಯಾನ್ ನಾಯಕರ ಸಭೆಯಲ್ಲಿ ಅಮೆರಿಕದವರೇ ಹೀಗೆ ಕಟ್ಟಿ ಆಮೇಲೆ ಕ್ಷಮೆ ಕೇಳಬೇಕಾಯಿತು.

ಇದೇ ಸಂಹಿತೆ ರಾಷ್ಟ್ರದ ಧ್ಯೇಯವಾಕ್ಯವನ್ನೂ ಗೊತ್ತುಪಡಿಸಿತು. ದೇವರು, ಮನುಷ್ಯ, ಪ್ರಕೃತಿ, ದೇಶ ಈ ನಾಲ್ಕರ ಮೇಲಣ ಪ್ರೀತಿ ಅದರ ತಾತ್ಪರ್ಯ. ನಾಲ್ಕನೆಯದಕ್ಕೆ ಅವರು ಬಳಸುವ ಪದ 'ಮಕಬನ್ಸ'. 'ಬನ್ಸ' ಎಂದರೆ ನಾಡು, ಜನಾಂಗ. ಮಲಯ ಭಾಷೆಯ 'ಬಂಗ್ಸ' ಮೂಲಕ ಬಂದ ಅದು ಸಂಸ್ಕೃತದ, ನಾವು ಕನ್ನಡದಲ್ಲೂ ಬಳಸುವ 'ವಂಶ' ಪದವೇ.

ಗೌರವವನ್ನು ಬಲವಂತದಿಂದ ಪಡೆಯಬಹುದೇ ಎಂಬ ಪ್ರಶ್ನೆ ಅಲ್ಲಿ ಮೊದಲು ಎದ್ದದ್ದು ಶಾಲೆಯ ಅಂಗಳದಲ್ಲಿ. 1955ರ ಕಾನೂನು ಎಲ್ಲ ಶಾಲೆಗಳಲ್ಲಿ ಧ್ವಜವಂದನೆಯನ್ನು ಕಡ್ಡಾಯ ಮಾಡಿತು. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದ ಮಕ್ಕಳು ತಮ್ಮ ವಿಶ್ವಾಸಕ್ಕೆ ವಿರುದ್ಧವೆಂದು ವಂದನೆ ಮಾಡದೆ ಸುಮ್ಮನೆ ನಿಂತರು. ಶಾಲೆಯಿಂದ ಹೊರಹಾಕಿದ್ದು ಸರಿ ಎಂದು 1959ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಸೆಬು ಪ್ರಾಂತದ ಮಕ್ಕಳ ಮೊಕದ್ದಮೆಯಲ್ಲಿ 1993ರ ಮಾರ್ಚ್ 1ರಂದು ಅದೇ ನ್ಯಾಯಾಲಯ ತನ್ನ ಹಳೆಯ ತೀರ್ಪನ್ನು ತಾನೇ ತಳ್ಳಿಹಾಕಿತು. ಮಕ್ಕಳು ಗದ್ದಲ ಮಾಡಿಲ್ಲ, ಅಗೌರವ ತೋರಿಲ್ಲ, ಅವರನ್ನು ಹೊರಹಾಕುವಂತಿಲ್ಲ ಎಂದಿತು. ನಮ್ಮ ಸುಪ್ರೀಂ ಕೋರ್ಟು ಕೇರಳದ ಮೂವರು ಮಕ್ಕಳ ರಾಷ್ಟ್ರಗೀತೆಯ ಪ್ರಕರಣದಲ್ಲಿ ಇದೇ ಬಗೆಯ ತೀರ್ಪನ್ನು ಏಳು ವರ್ಷ ಮೊದಲೇ, 1986ರಲ್ಲಿ ನೀಡಿತ್ತು. ಫಿಲಿಪೈನ್ಸ್‌ನ 1998ರ ಸಂಹಿತೆಯಲ್ಲಿ ಈ ತಿಳಿವಳಿಕೆ ಕಾಣುತ್ತದೆ. ಧ್ವಜ ಪ್ರತಿಜ್ಞೆ ಮಾಡಲು ಯಾರ ವಿಶ್ವಾಸ ಒಪ್ಪುವುದಿಲ್ಲವೋ ಅವರು ಆ ಹೊತ್ತಿಗೆ ನೆಟ್ಟಗೆ ನಿಂತರೆ ಸಾಕು.

ಇದು ವಂದನೆಯ ಮಾತಾಯಿತು. ಮುಸ್ಲಿಮರ ಪ್ರಶ್ನೆ ಇದಕ್ಕಿಂತ ಹಿಂದಿನದು: ಈ ಧ್ವಜದಲ್ಲಿ ನಾವು ಎಲ್ಲಿದ್ದೇವೆ?

ದಕ್ಷಿಣದ ಸುಲು ಮತ್ತು ಮಿಂಡನಾವೊ ದ್ವೀಪಗಳಲ್ಲಿ ಇಸ್ಲಾಂ ಸ್ಪೇನಿಗಿಂತ ಮೊದಲೇ ಬೇರೂರಿತ್ತು. ಸುಲು ಮತ್ತು ಮಗಿಂದನಾವೊ ಸುಲ್ತಾನರ ರಾಜ್ಯಗಳಿದ್ದವು. ಸ್ಪೇನಿನವರು ತಮ್ಮ ದೇಶದ ಹಳೆಯ ವೈರಿಗಳ ನೆನಪಿನಲ್ಲಿ ಇವರನ್ನು 'ಮೊರೊ' ಎಂದು ಕರೆದರು. ಬೈಗುಳದಂತೆ ಬಂದ ಹೆಸರನ್ನು ಇವರು ಆಮೇಲೆ ಹೆಮ್ಮೆಯಿಂದ ತಮ್ಮದಾಗಿಸಿಕೊಂಡರು. ಹದಿನೇಳನೇ ಶತಮಾನದಲ್ಲಿ ಸುಲ್ತಾನ್ ಕುದರತ್ ಸ್ಪೇನಿನ ಸೇನೆಯನ್ನು ದಶಕಗಳ ಕಾಲ ತಡೆದು ನಿಲ್ಲಿಸಿದರು. ಮುನ್ನೂರು ವರ್ಷ ಕಳೆದರೂ ಸ್ಪೇನಿಗೆ ಈ ನಾಡು ಪೂರ್ತಿ ಕೈವಶವಾಗಲಿಲ್ಲ.

ಹೀಗಾಗಿ 1896ರ ಬಂಡಾಯದ ಎಂಟು ಪ್ರಾಂತಗಳಲ್ಲಿ ಇವರಿಲ್ಲ. ಆದರೆ 1898ರ ಘೋಷಣೆಯಲ್ಲಿ ಮಿಂಡನಾವೊಗೆ ಒಂದು ನಕ್ಷತ್ರವಿದೆ. ಕಿರಣವಿಲ್ಲ, ನಕ್ಷತ್ರವಿದೆ! ಹೋರಾಟದ ಲೆಕ್ಕದಲ್ಲಿ ಹೊರಗೆ, ನೆಲದ ಲೆಕ್ಕದಲ್ಲಿ ಒಳಗೆ. ನಕ್ಷತ್ರ ಹೊಲಿಯುವ ಮುನ್ನ ಸುಲ್ತಾನರನ್ನು ಯಾರೂ ಕೇಳಿರಲಿಲ್ಲ. ಅಗಿನಾಲ್ಡೊ ಸುಲುವಿನ ಸುಲ್ತಾನರನ್ನು ಸಹೋದರನೆಂದು ಕರೆದು ಪತ್ರ ಬರೆದದ್ದು 1899ರ ಜನವರಿಯಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ಜನರಲ್ ಬೇಟ್ಸ್ ಸುಲ್ತಾನ್ ಎರಡನೇ ಜಮಾಲುಲ್ ಕಿರಾಮ್ ಅವರೊಂದಿಗೆ ಒಪ್ಪಂದ ಮಾಡಿಕೊಂಡ. ಸುಲುವಿನ ನೆಲದಲ್ಲೂ ಕಡಲಲ್ಲೂ ಅಮೆರಿಕದ ಧ್ವಜ ಹಾರಬೇಕು ಎಂಬುದು ಅದರ ಒಂದು ಶರತ್ತು. 1904ರಲ್ಲಿ ಅಮೆರಿಕವೇ ಆ ಒಪ್ಪಂದವನ್ನು ಮುರಿಯಿತು. 1906ರ ಮಾರ್ಚ್‌ನಲ್ಲಿ ಬುದ್ ದಾಹೊ ಬೆಟ್ಟದಲ್ಲಿ ಹೆಂಗಸರು ಮಕ್ಕಳು ಸೇರಿ ನೂರಾರು ಮಂದಿ ಅಮೆರಿಕನ್ ಸೇನೆಯ ಗುಂಡಿಗೆ ಬಲಿಯಾದರು. 1935ರಲ್ಲಿ ಸ್ವಾತಂತ್ರ್ಯದ ಮಾತು ಹತ್ತಿರವಾದಾಗ ಮರನಾವೊ ನಾಯಕರು ನಮ್ಮ ನೆಲವನ್ನು ಹೊಸ ದೇಶಕ್ಕೆ ಸೇರಿಸಬೇಡಿ ಎಂದು ಅಮೆರಿಕಕ್ಕೆ ಮನವಿ ಬರೆದರು. ಅದನ್ನು ಯಾರೂ ಲೆಕ್ಕಿಸಲಿಲ್ಲ. 1970ರ ದಶಕದಿಂದ ನಡೆದ ಸಶಸ್ತ್ರ ಹೋರಾಟ, ಅದರಲ್ಲಿ ಹೋದ ಜೀವಗಳು, ಊರು ಬಿಟ್ಟವರ ಕಥೆ ಬೇರೆಯೇ ಲೇಖನಕ್ಕೆ ವಿಷಯ.

ಸೂರ್ಯನಿಗೆ ಒಂಬತ್ತನೆಯ ಕಿರಣ ಸೇರಿಸಬೇಕು, ಸ್ಪೇನಿಗೆ ಮಣಿಯದ ಮುಸ್ಲಿಮರನ್ನೂ ದಕ್ಷಿಣದ ಮೂಲನಿವಾಸಿಗಳನ್ನೂ ಅದು ಸೂಚಿಸಬೇಕು ಎಂಬ ಸಲಹೆ ಹಲವು ಬಾರಿ ಬಂತು. 2009ರಲ್ಲಿ ಸಂಸತ್ತಿನಲ್ಲಿ ಅದು ಬಹಳ ಮುಂದಕ್ಕೆ ಹೋಗಿತ್ತು, ಸೆನೆಟರ್ ರಿಚರ್ಡ್ ಗಾರ್ಡನ್ ಅದರ ಮುಖ್ಯ ಪ್ರತಿಪಾದಕರು. ಆದರೆ ಕಾನೂನಾಗಲಿಲ್ಲ. ವಿರೋಧಿಸಿದವರ ವಾದ ಹಗುರವಾದದ್ದಲ್ಲ. ಎಂಟು ಕಿರಣಗಳಿಗೆ 1896ರ ಒಂದು ನಿರ್ದಿಷ್ಟ ಘಟನೆಯ ಅರ್ಥವಿದೆ, ಅಲ್ಲಿರದವರನ್ನು ಇಂದು ಸೇರಿಸಿದರೆ ಚರಿತ್ರೆ ತಿದ್ದಿದಂತಾಗುತ್ತದೆ, ಜನ ಪ್ರಾಣ ಕೊಟ್ಟ ಧ್ವಜವನ್ನು ಮುಟ್ಟಬಾರದು ಎಂದರು ಅವರು. ಬಟ್ಟೆಯ ಮಟ್ಟಿಗೆ ಇವರ ವಾದವೇ ಸರಿಯೆಂದು ನನ್ನ ಅಭಿಪ್ರಾಯ. ಆದರೆ ಮುನ್ನೂರು ವರ್ಷ ಹೋರಾಡಿದವರು ಮೂರು ವರ್ಷದ ಹೋರಾಟದ ಗುರುತಿಗೆ ವಂದಿಸುವಾಗ ಮನಸ್ಸಿನಲ್ಲಿ ಏನಾದೀತು ಎಂಬುದಕ್ಕೆ ಆ ವಾದದಲ್ಲಿ ಉತ್ತರವಿಲ್ಲ.

ಉತ್ತರ ಬೇರೆ ಕಡೆಯಿಂದ ಸ್ವಲ್ಪ ಬಂತು. 2014ರ ಶಾಂತಿ ಒಪ್ಪಂದದ ಫಲವಾಗಿ 2018ರಲ್ಲಿ ಬಂಗ್ಸಮೊರೊ ಸ್ವಾಯತ್ತ ಪ್ರದೇಶದ ಕಾನೂನು ಬಂತು, 2019ರ ಜನವರಿ ಮತ್ತು ಫೆಬ್ರವರಿಯಲ್ಲಿ ಜನಮತಗಣನೆ ನಡೆಯಿತು. ದಶಕಗಳ ಕಾಲ ಬಂದೂಕು ಹಿಡಿದಿದ್ದ ಸಂಘಟನೆಯ ನಾಯಕ ಮುರಾದ್ ಇಬ್ರಾಹಿಂ ಮಧ್ಯಂತರ ಸರಕಾರದ ಮುಖ್ಯಮಂತ್ರಿಯಾದರು. 'ಬಂಗ್ಸಮೊರೊ' ಎಂಬ ಹೆಸರಿನಲ್ಲಿರುವ 'ಬಂಗ್ಸ'ವೂ ರಾಷ್ಟ್ರದ ಧ್ಯೇಯವಾಕ್ಯದ 'ಬನ್ಸ'ವೂ ಒಂದೇ ಪದ ಎಂಬುದನ್ನು ಇಲ್ಲಿ ಗಮನಿಸಬೇಕು. ಹೊಸ ಸಂಸತ್ತು ಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ತನ್ನದೇ ಧ್ವಜವೂ ಒಂದು. ಹಸಿರು, ಬಿಳಿ, ಕೆಂಪು ಪಟ್ಟಿಗಳು, ಅರ್ಧಚಂದ್ರ ಮತ್ತು ನಕ್ಷತ್ರ, ಜೊತೆಗೆ ಕ್ರಿಸ್ ಎಂಬ ಕತ್ತಿ. 2018ರ ಕಾನೂನಿನ ಪ್ರಕಾರ ಇದನ್ನು ಒಂಟಿಯಾಗಿ ಹಾರಿಸುವಂತಿಲ್ಲ, ರಾಷ್ಟ್ರಧ್ವಜ ಸದಾ ಪಕ್ಕದಲ್ಲಿರಬೇಕು.

ಸುಲು ಪ್ರಾಂತದ ಮತದಾರರು ಮಾತ್ರ 2019ರ ಜನಮತದಲ್ಲಿ ಬೇಡ ಎಂದಿದ್ದರು. ಹಳೆಯ ಸ್ವಾಯತ್ತ ಪ್ರದೇಶವನ್ನು ಒಂದೇ ಘಟಕವಾಗಿ ಎಣಿಸಿದ್ದರಿಂದ ಅವರೂ ಸೇರಿಹೋದರು. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಸುಲು ಬಂಗ್ಸಮೊರೊದ ಭಾಗವಲ್ಲ ಎಂದು ತೀರ್ಪಿತ್ತಿತು. ಅಗಿನಾಲ್ಡೊ ಪತ್ರ ಬರೆದಿದ್ದ, ಬೇಟ್ಸ್ ಒಪ್ಪಂದ ಮಾಡಿಕೊಂಡಿದ್ದ ಸುಲ್ತಾನರ ನಾಡು ಅದೇ. ಅವರ ಮತ ಒಂದು ಲೆಕ್ಕಕ್ಕೆ ಬಂದದ್ದು ಹೀಗೆ ಐದು ವರ್ಷ ತಡವಾಗಿ.