ಮರೆವಿನಿಂದ ಉಳಿದ ಉಗಿಬಂಡಿ

ವೇಲ್ಸ್ ದೇಶದ ಪಡುಗಡಲ ತೀರದಲ್ಲಿ, ಟವಿನ್ ಎಂಬ ಪುಟ್ಟ ಊರಿನಿಂದ ಹೊರಟು ಬೆಟ್ಟಗಳ ನಡುವೆ ಸಾಗುವ ಟಾಲಿಲಿನ್ ರೈಲುಮಾರ್ಗವು 1865ರಲ್ಲಿ ಉದಿಸಿದ್ದು ಪ್ರಯಾಣಿಕರ ಸೌಖ್ಯಕ್ಕಾಗಿ ಅಲ್ಲ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಪೂರೈಕೆ ಕುಂದಿದಾಗ ಮ್ಯಾಂಚೆಸ್ಟರಿನ ಗಿರಣಿಯೊಡೆಯರು ಬ್ರಿನ್ ಎಗ್ಲ್ವಿಸ್ ಗಣಿಯ ಸ್ಲೇಟುಕಲ್ಲಿನಲ್ಲಿ ಹಣ ಹೂಡಿದುದರ ಫಲವದು. ಹಳಿಗಳ ನಡುವಣ ಅಂತರ ಕೇವಲ 2 ಅಡಿ 3 ಅಂಗುಲ. ಕಟ್ಟಿದವರು ಮಾಡಿದ ತಪ್ಪೂ ಅಷ್ಟೇ ಸ್ವಾರಸ್ಯಕರ: ಸೇತುವೆಗಳ ಕೆಳಗೆ ಗಾಡಿಗೂ ಗೋಡೆಗೂ ನಡುವೆ ಸಾಕಷ್ಟು ಎಡೆಯಿಲ್ಲವೆಂದು ಸರ್ಕಾರದ ಪರೀಕ್ಷಕನಾದ ಕ್ಯಾಪ್ಟನ್ ಟೈಲರ್ ಆಕ್ಷೇಪಿಸಲು, ಸೇತುವೆಯನ್ನು ಅಗಲಿಸುವ ಗೋಜಿಗೆ ಹೋಗದೆ, ಹಳಿಯನ್ನೇ ಒಂದು ಬದಿಗೆ ಸರಿಸಿ, ಗಾಡಿಗಳ ಒಂದು ಪಕ್ಕದ ಬಾಗಿಲುಗಳನ್ನು ಶಾಶ್ವತವಾಗಿ ಮುಚ್ಚಿಬಿಟ್ಟರು.

ಈ ಮಾರ್ಗದ ಎರಡನೆಯ ಇಂಜಿನು ಡಾಲ್‌ಗಾಕ್, ವೈಟ್‌ಹೇವನ್ ಊರಿನ ಫ್ಲೆಚರ್ ಜೆನ್ನಿಂಗ್ಸ್ ಕಾರ್ಖಾನೆಯಲ್ಲಿ 1866ರಲ್ಲಿ ನಿರ್ಮಿತವಾದುದು. ಅದಕ್ಕೆ ನಾಲ್ಕೇ ಗಾಲಿಗಳು. ಹಿಂದಿನ ಅಚ್ಚು ಬೆಂಕಿಗೂಡಿನ ಹಿಂದಿರುವುದರಿಂದ ಜೋಡಿಗಾಲಿಗಳ ನಡುವಣ ದೂರ ಹೆಚ್ಚು.

1911ರಲ್ಲಿ ಗಣಿಯನ್ನೂ ರೈಲನ್ನೂ ಕೊಂಡ ಸರ್ ಹೆನ್ರಿ ಹೇಡನ್ ಜೋನ್ಸ್, ತಾನು ಬದುಕಿರುವವರೆಗೆ ರೈಲು ಓಡುವುದೆಂದು ಹೇಳಿ, 1946ರಲ್ಲಿ ಗಣಿ ಕುಸಿದು ಮುಚ್ಚಿದ ಮೇಲೂ ಆ ಮಾತನ್ನು ಉಳಿಸಿಕೊಂಡರು. ಮೊದಲ ಇಂಜಿನು ಅದಾಗಲೇ ಕೆಟ್ಟು ನಿಂತಿದ್ದ ಕಾರಣ ಭಾರವೆಲ್ಲ ಡಾಲ್‌ಗಾಕಿನ ಮೇಲೆ ಬಿದ್ದಿತ್ತು. ಹಳಿಗಳಾದರೋ ಮೂಲತಃ ಹಾಕಿದ ಮೆತುಕಬ್ಬಿಣದವೇ, ಅವನ್ನು ಸ್ಥಳದಲ್ಲಿ ಹಿಡಿದಿದ್ದುದು ಬಹುಮಟ್ಟಿಗೆ ಹುಲ್ಲಿನ ಬೇರು! 1948ರ ರಾಷ್ಟ್ರೀಕರಣದ ಪಟ್ಟಿಯಲ್ಲಿ ಈ ಮಾರ್ಗದ ಹೆಸರೇ ಸೇರಲಿಲ್ಲ. ಸೇರಿದ್ದರೆ, ನನ್ನ ಮಟ್ಟಿಗೆ ಹೇಳುವುದಾದರೆ, ಯಾವನೋ ಲೆಕ್ಕಿಗನು ಡಾಲ್‌ಗಾಕನ್ನು ಗುಜರಿಗೆ ಹಾಕಿರುತ್ತಿದ್ದನು. ಅಧಿಕಾರದ ಕಣ್ಣಿಗೆ ಬೀಳದಿರುವುದೇ ಕೆಲವೊಮ್ಮೆ ರಕ್ಷೆ.

1950ರಲ್ಲಿ ಸರ್ ಹೇಡನ್ ತೀರಿಕೊಂಡಾಗ, ಲೇಖಕ ಎಲ್. ಟಿ. ಸಿ. ರೋಲ್ಟ್ ಮತ್ತವರ ಸ್ನೇಹಿತರು ಬರ್ಮಿಂಗ್‌ಹ್ಯಾಮಿನಲ್ಲಿ ಸೇರಿ ಸಂರಕ್ಷಣಾ ಸಂಘವನ್ನು ಸ್ಥಾಪಿಸಿದರು. 1951ರ ಮೇ 14ರಂದು ಸ್ವಯಂಸೇವಕರು ನಡೆಸಿದ ಪ್ರಥಮ ರೈಲು ಹೊರಟಿತು. ಅದೇ ಅಳತೆಯ, ಅಷ್ಟರಲ್ಲಿ ಮುಚ್ಚಿಹೋಗಿದ್ದ ಕಾರಿಸ್ ರೈಲುಮಾರ್ಗದ ಎರಡು ಇಂಜಿನುಗಳನ್ನು ತಲಾ 25 ಪೌಂಡಿಗೆ ಕೊಂಡುತಂದು ಡಾಲ್‌ಗಾಕಿನ ಹೊರೆಯನ್ನು ಹಗುರಮಾಡಿದರು. ಅವುಗಳಲ್ಲೊಂದಕ್ಕೆ, ಹೊಸ ಇಂಜಿನಿಗಾಗಿ ಖರ್ಚುಮಾಡಲೊಲ್ಲದೆ ಕಾಲ ತಳ್ಳಿದ್ದ ಸರ್ ಹೇಡನ್ ಅವರ ಹೆಸರನ್ನೇ ಇಟ್ಟರು.