ಕಾರವಾನ್ ಒಳಗೆ ಬೆಂಕಿ ಇರಲಿಲ್ಲ: ಕಲಬುರಗಿ–ಕಮಲಾಪುರ ದಾರಿಯ ಚಳಿಗಾಲದ ಕಥೆ



"ಭಾಳ ಥಂಡಿ ಬಿಟ್ಟದ ನೋಡ್ರಿ." ಡಿಸೆಂಬರ್ ಬಂತೆಂದರೆ ಕಲಬುರಗಿಯಲ್ಲಿ ಮಾತು ಶುರುವಾಗೋದೇ ಹೀಗೆ. ಹೊರಗಿನವರಿಗೆ ನಗು ಬರುತ್ತೆ. ಮೇ ತಿಂಗಳಲ್ಲಿ 42, 43 ಡಿಗ್ರಿ ಸುಡೋ ಊರಿಗೆ ಎಂಥ ಚಳಿ ಅಂತ. ಆದರೆ ಮೋಡವಿಲ್ಲದ ಆಕಾಶ, ಬಟಾಬಯಲು, ಉತ್ತರದಿಂದ ಬೀಸುವ ಒಣ ಗಾಳಿ, ಇವು ಮೂರೂ ಕೂಡಿದಾಗ ಹಗಲೆಲ್ಲ ಕಾದ ನೆಲ ರಾತ್ರಿ ಬೇಗ ತಣ್ಣಗಾಗುತ್ತೆ. ಮಧ್ಯಾಹ್ನ 30 ಡಿಗ್ರಿ ಹತ್ತಿರ ಇದ್ದದ್ದು ಬೆಳಗಿನ ಜಾವ 10ರ ಸುತ್ತಮುತ್ತ ಇಳಿಯುವ ದಿನಗಳು ಇಲ್ಲಿ ಇದ್ದೇ ಇವೆ.

ಅಂಥದ್ದೇ ಒಂದು ರಾತ್ರಿ ನಾವು ನಾಲ್ವರು ಕಮಲಾಪುರದ ಆಚೆ ಒಂದು ಹೊಲದ ಬದಿಯಲ್ಲಿ ತಂಗಿದ್ದೆವು. ಗೆಳೆಯನೊಬ್ಬ ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಕಾರವಾನ್ ಮಾಡಿಸಿದ್ದ. ತಗಡಿನ ಗೋಡೆ, ಒಳಗೆ ಎರಡು ಹಾಸಿಗೆ. ಹೊರಗೆ ಅಡುಗೆ ಮುಗಿದ ಮೇಲೆ ಶೇಗಡಿಯಲ್ಲಿ ಇದ್ದಿಲು ಇನ್ನೂ ಕೆಂಪಗೆ ಇತ್ತು. ಹೊಗೆ ಇರಲಿಲ್ಲ. ಒಳಗೆ ತಂದಿಟ್ಟುಕೊಂಡು ಕಿಟಕಿ ಬಾಗಿಲು ಹಾಕಿಕೊಂಡೆವು. ಬೆಚ್ಚಗಾಯ್ತು. ಸ್ವಲ್ಪ ಹೊತ್ತಿಗೆ ತಲೆ ಭಾರ ಆಯ್ತು, ದಣಿವು ಅಂದುಕೊಂಡೆವು. ಒಬ್ಬ ಮೂತ್ರಕ್ಕೆ ಅಂತ ಎದ್ದು ಬಾಗಿಲು ತೆಗೆದ, ಎರಡು ಹೆಜ್ಜೆ ಇಟ್ಟು ಕುಸಿದು ಕೂತ. ಆಗ ಗೊತ್ತಾಯ್ತು. ಅವನು ಏಳದೇ ಇದ್ದಿದ್ದರೆ ಈ ಕಂತು ನಿಮಗೆ ಕೇಳ್ತಾ ಇರಲಿಲ್ಲ.

ಆಮೇಲೆ ನನ್ನನ್ನು ಕಾಡಿದ ಪ್ರಶ್ನೆ ಇದು: ಇದೇ ದಾರಿಯಲ್ಲಿ ನೂರಾರು ವರ್ಷ ಜನ ಮನೆ ಮಠ ಕಟ್ಟಿಕೊಂಡೇ ಓಡಾಡಿದ್ದಾರಲ್ಲ, ಅವರು ಚಳಿಗೆ ಏನು ಮಾಡ್ತಿದ್ರು?

ಮೊದಲು ಆ ಶಬ್ದವನ್ನೇ ನೋಡೋಣ. ಕಾರವಾನ್ ಅನ್ನೋದು ಇಂಗ್ಲಿಷಿನ ಮೂಲಕ ಈಗ ಬಂದಂತೆ ಕಾಣುತ್ತೆ. ಮೂಲ ಪಾರಸಿ. ಒಟ್ಟಾಗಿ ದಾರಿ ನಡೆಯುವ ವರ್ತಕರ ತಂಡ ಅಂತ ಅರ್ಥ. ಪಾರಸಿ ಬಲ್ಲ ದಖ್ಖನಿಗೆ ಇದು ಹೊಸದಲ್ಲ. ಗೋಲ್ಕೊಂಡದ ಬಳಿ ಹೈದರಾಬಾದಿನಲ್ಲಿ ಕಾರವಾನ್ ಅನ್ನುವ ಬಡಾವಣೆ ಇವತ್ತಿಗೂ ಇದೆ.

ಇನ್ನು ನಮ್ಮ ದಾರಿ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ರಾಜಧಾನಿ ಆಯ್ತು. 1420ರ ದಶಕದಲ್ಲಿ ಅಹ್ಮದ್ ಶಾಹ ರಾಜಧಾನಿಯನ್ನು ಬೀದರಿಗೆ ಒಯ್ದ. ಹಳೆಯ ರಾಜಧಾನಿಯಿಂದ ಹೊಸ ರಾಜಧಾನಿಯ ಕಡೆಗೆ ಹೊರಟರೆ ಕಮಲಾಪುರ ಸಿಗುತ್ತೆ, ಕಲಬುರಗಿಯಿಂದ ಸುಮಾರು 35 ಕಿಲೋಮೀಟರ್. ಈಗ ಮುಕ್ಕಾಲು ಗಂಟೆ, ಒಂದು ಗಂಟೆ ಸಾಕು. ಆಗ?

1632ರಲ್ಲಿ ಪೀಟರ್ ಮುಂಡಿ ಅನ್ನುವ ಇಂಗ್ಲಿಷ್ ಪ್ರವಾಸಿ ಉತ್ತರದ ದಾರಿಯಲ್ಲಿ ಬಂಜಾರರ ಒಂದು ತಾಂಡಾ ನೋಡಿದ. 14,000 ಎತ್ತುಗಳು, ಎಲ್ಲದರ ಬೆನ್ನ ಮೇಲೂ ಧಾನ್ಯ. ಹೆಂಡತಿ ಮಕ್ಕಳು ಜೊತೆಗೇ. ದಿನಕ್ಕೆ ಆರೇಳು ಮೈಲಿ ನಡಿಗೆ ಅಂತ ಬರೆದಿದ್ದಾನೆ. ಆ ಲೆಕ್ಕ ಹಿಡಿದರೆ ಕಲಬುರಗಿಯಿಂದ ಕಮಲಾಪುರಕ್ಕೆ ಮೂರು ಹಗಲು, ನಾಲ್ಕನೆಯ ದಿನ ತಲುಪೋದು. ನಡುವೆ ಮೂರು ರಾತ್ರಿ ಬಯಲಲ್ಲೇ.

ಮೊಗಲರ ದಖ್ಖನ್ ದಂಡಯಾತ್ರೆಗಳಿಗೆ ದವಸ ಹೊತ್ತವರು ಇದೇ ಬಂಜಾರರು, ಅಂದರೆ ನಮ್ಮ ಲಂಬಾಣಿಗಳು. ಷಹಜಹಾನನ ಮಂತ್ರಿ ಆಸಫ್ ಖಾನ್ 1630ರ ಸುಮಾರಿಗೆ ದಂಡೆತ್ತಿ ಬಂದಾಗ ಭಂಗಿ, ಜಂಗಿ ಅನ್ನುವ ನಾಯಕರು ಅವನ ಸೈನ್ಯದ ಜೊತೆಗಿದ್ದರು ಅಂತ ಅವರ ಪರಂಪರೆ ಹೇಳುತ್ತೆ. ಅವರಿಗೆ ತಾಮ್ರಪಟ ಸಿಕ್ಕಿತಂತೆ: ನೀರು ಸಿಗದಿದ್ದರೆ ಊರವರ ಗಡಿಗೆಯಿಂದ ತಗೊಳ್ಳಿ, ಹುಲ್ಲು ಸಿಗದಿದ್ದರೆ ಅವರ ಚಪ್ಪರದಿಂದ ಕಿತ್ತುಕೊಳ್ಳಿ ಅಂತ. ಐತಿಹ್ಯ ಇರಬಹುದು. ಆದರೆ ದಾರಿಯ ಬದುಕಿಗೆ ಏನು ಬೇಕಾಗಿತ್ತು ಅನ್ನೋದು ಅದರಲ್ಲಿದೆ.

ತಂಗುವಾಗ ಗೋಣಿಗಳನ್ನು ಇಳಿಸಿ ಒಂದರ ಮೇಲೊಂದು ಪೇರಿಸೋದು. ಅದೇ ಗೋಡೆ, ಅದೇ ಗಾಳಿಗೆ ತಡೆ. ಬೆಂಕಿ ಬಯಲಿನಲ್ಲಿ. ಮಲಗೋದು ಗೋಣಿಯ ಮರೆಯಲ್ಲಿ, ಇಲ್ಲವೇ ಬಟ್ಟೆಯ ಪಾಲಿನ ಕೆಳಗೆ. ಬಟ್ಟೆಯಲ್ಲಿ ಗಾಳಿ ಆಡುತ್ತೆ ಅನ್ನೋದನ್ನ ನೆನಪಿಟ್ಟುಕೊಳ್ಳಿ.

ಕುರುಬರದ್ದೂ ಇದೇ ರೀತಿ. ಕುರಿ ಹಿಂಡು ಹೊಲದಲ್ಲಿ ತರುಬಿದ ರಾತ್ರಿ ಅವರ ಮನೆ ಅಂದರೆ ಕಂಬಳಿ. ದಖ್ಖನಿ ಕುರಿಯ ಒರಟು ಉಣ್ಣೆ, ನೂಲಿಗೆ ಹುಣಸೆಬೀಜದ ಗಂಜಿ. ಹಾಗಾಗಿ ಕಂಬಳಿ ಬಿರುಸಾಗಿ ನಿಲ್ಲುತ್ತೆ, ಗಾಳಿಯನ್ನೂ ಹನಿಯನ್ನೂ ತಡೆಯುತ್ತೆ. ರೈತರ ಕಮಾನು ಬಂಡಿ ನೋಡಿ: ಕೆಳಗೆ ಜೋಳದ ಕಣಿಕೆ ಹಾಸಿ, ಮೇಲೆ ಕೌದಿ, ಅದರ ಮೇಲೆ ಜನ. ಎಳ್ಳ ಅಮಾವಾಸ್ಯೆಗೆ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗ್ತಿದ್ದದ್ದು ಈ ಬಂಡಿಯಲ್ಲೇ. ಚಳಿ ಹೆಚ್ಚಾದರೆ ತೊಗರಿ ಕಟ್ಟಿಗೆ, ಕುಳ್ಳು ಹಾಕಿ ಬೆಂಕಿ ಕಾಯೋದು, ಆದರೆ ಬಂಡಿಯಿಂದ ದೂರ. ಬಂಡಿ ತುಂಬ ಒಣ ಕಣಿಕೆ ಇರುವಾಗ ಕಿಡಿ ಹಾರಿದರೆ ಮುಗೀತು.

ಅಂದರೆ ಅವರಿಗೆ ವಿಷಗಾಳಿಯ ವಿಜ್ಞಾನ ಗೊತ್ತಿತ್ತು ಅಂತ ನಾನು ಹೇಳ್ತಿಲ್ಲ. ಅವರು ಹೆದರಿದ್ದು ಕಿಡಿಗೆ. ಆ ಹೆದರಿಕೆಯೇ ಅವರನ್ನು ಇನ್ನೊಂದು ಅಪಾಯದಿಂದಲೂ ಉಳಿಸ್ತು.

ಬೆಂಕಿಯನ್ನು ಗಾಡಿಯ ಒಳಗೆ ತಂದವರು ಬೇರೆ. 19ನೇ ಶತಮಾನದ ಇಂಗ್ಲೆಂಡಿನ ರೋಮಾ ಜನ. ಭಾಷೆಯ ಸಾಕ್ಷ್ಯದಿಂದ ಅವರ ಮೂಲವೂ ಭಾರತವೇ ಅಂತ ವಿದ್ವಾಂಸರು ಒಪ್ಪುತ್ತಾರೆ. ಕುದುರೆ ಎಳೆಯುವ ಅವರ ಮರದ ಮನೆಯಲ್ಲಿ ಪುಟ್ಟ ಕಬ್ಬಿಣದ ಒಲೆ ಇರ್ತಿತ್ತು, ಜೊತೆಗೆ ಚಾವಣಿ ದಾಟಿ ಹೊರಹೋಗುವ ಹೊಗೆಕೊಳವೆ. ಅಲ್ಲಿ ಗಾಡಿಗಳು ರಸ್ತೆಯ ಎಡಕ್ಕೆ ಓಡ್ತವೆ. ದಾರಿಬದಿಯ ಮರದ ಕೊಂಬೆ ಬಡಿಯಬಾರದು ಅಂತ ಕೊಳವೆಯನ್ನು ರಸ್ತೆಯ ನಡುವಿನ ಬದಿಗೇ ಇಡ್ತಿದ್ರು. ಒಲೆ ಒಳಗೆ ಬಂದರೂ ಅದರ ಉಸಿರು ಹೊರಗೇ ಹೋಗಬೇಕು ಅನ್ನೋದು ಅವರ ಲೆಕ್ಕ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಅನ್ನುವ ವೈದ್ಯ "ವಾಂಡರರ್" ಹೆಸರಿನ ಗಾಡಿ ಮಾಡಿಸಿ ಸ್ಕಾಟ್ಲೆಂಡಿನವರೆಗೆ ಮೋಜಿಗಾಗಿಯೇ ಹೋದ. ಇವತ್ತಿನ ಕಾರವಾನ್ ಪ್ರವಾಸದ ಮೊದಲ ಹೆಜ್ಜೆ ಅದೇ ಅಂತಾರೆ.

ಇತ್ತ ನಮ್ಮ ಕಾರವಾನ್ ಮುಗೀತಾ ಬಂದಿತ್ತು. 1871ರಲ್ಲಿ ಮುಂಬೈ ಕಡೆಯ ರೈಲು ಹಳಿ ಕಲಬುರಗಿ ದಾಟಿ ರಾಯಚೂರಿನಲ್ಲಿ ಮದ್ರಾಸಿನ ಹಳಿಗೆ ಕೂಡಿತು. ಎತ್ತಿನ ಬೆನ್ನ ಮೇಲಿನ ವ್ಯಾಪಾರ ಕುಸಿಯಿತು. ಅದೇ 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಮುಂದೆ ಹಲವು ಕಡೆ ಬಂಜಾರರೂ ಅದರ ಕೆಳಗೆ ಬಂದರು. ದಾರಿ ನಡೆಯೋದೇ ಅನುಮಾನಕ್ಕೆ ಕಾರಣ ಆಯ್ತು. ನಡೆಯುತ್ತಿದ್ದ ತಾಂಡಾ ನಿಂತಿತು. ಇವತ್ತು ಕಮಲಾಪುರದ ಸುತ್ತ ತಾಂಡಾ ಅಂದರೆ ಒಂದು ಊರು. ಬೀದರ್–ಕಲಬುರಗಿ ರೈಲು ಈ ದಾರಿಗೆ ಬಂದದ್ದು 2017ರಲ್ಲಿ.

ಈಗ ನಮ್ಮ ತಗಡಿನ ಗಾಡಿಗೆ ಬರೋಣ. ಗಾಳಿ ಸಾಲದ ಕಡೆ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತೆ. 1890ರ ದಶಕದಲ್ಲಿ ಇದನ್ನು ಅಭ್ಯಾಸ ಮಾಡಿದ ಜಾನ್ ಸ್ಕಾಟ್ ಹಾಲ್ಡೇನ್, ಗಣಿಗಳಿಗೆ ಸಣ್ಣ ಪ್ರಾಣಿಗಳನ್ನು ಒಯ್ಯಿರಿ, ಮನುಷ್ಯರಿಗಿಂತ ಮೊದಲು ಅವು ಬೀಳ್ತವೆ ಅಂದ. ಹಾಗಾಗಿ ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಕ್ಯಾನರಿ ಹಕ್ಕಿಗಳಿದ್ದವು. ಗ್ಯಾಸ್ ಒಲೆಯಾದರೂ ಪೂರ್ತಿ ವಾಸಿ ಅಲ್ಲ. ಗಾಳಿ ಕಡಿಮೆಯಾದರೆ ಅದೂ ಇದೇ ವಿಷ ಕೊಡುತ್ತೆ. ಮೇಲಾಗಿ ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಿನ ಆವಿ ಬರುತ್ತೆ. ಅದು ತಗಡಿಗೆ ತಗುಲಿ ನೀರಾಗಿ ಹಾಸಿಗೆ ಮೇಲೇ ತೊಟ್ಟಿಕ್ಕುತ್ತೆ.

ಹಾಗಾದರೆ ಏನು ಮಾಡಬೇಕು? ಗಾಳಿಯನ್ನು ಹೊರಗಿನಿಂದಲೇ ಎಳೆದು ಹೊಗೆಯನ್ನು ಹೊರಗೇ ಬಿಡುವ ಮುಚ್ಚಿದ ಹೀಟರ್ ಇದ್ದರೆ ಸರಿ, ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು. ಇಲ್ಲದಿದ್ದರೆ ನೆಲಕ್ಕೆ ದಪ್ಪ ಹಾಸು, ಮೇಲೆ ಕಂಬಳಿ ಕೌದಿ, ಕಾಲ ಬಳಿ ಬಿಸಿನೀರಿನ ಚೀಲ, ಮೇಲೊಂದು ಕೆಳಗೊಂದು ಕಿಂಡಿ ತೆರೆದೇ ಇರಲಿ. ಸುಮ್ಮನೆ ಮಲಗಿದ ಒಬ್ಬ ಮನುಷ್ಯ ಹೆಚ್ಚುಕಡಿಮೆ 70ರಿಂದ 100 ವಾಟ್ ಶಾಖ ಬಿಡ್ತಾನೆ. ನಾಲ್ವರು ಮಲಗಿದರೆ ಅದೇ ಒಂದು ಸಣ್ಣ ಹೀಟರ್. ಒಟ್ಟಿಗೆ ಎಲ್ಲರಿಗೂ ತಲೆನೋವು, ವಾಕರಿಕೆ, ಮಂಪರು ಬಂದರೆ ಅದು ದಣಿವಲ್ಲ. ಮೊದಲು ಹೊರಗೆ ಬನ್ನಿ, ಆಮೇಲೆ 108ಕ್ಕೆ ಕರೆ ಮಾಡಿ.

ಅವತ್ತು ರಾತ್ರಿ ನಾವು ಶೇಗಡಿಯನ್ನು ಹೊರಗೆ ಒಯ್ದು ಅದರ ಸುತ್ತಲೇ ಕೂತೆವು. ಬೆನ್ನಿಗೆ ಚಳಿ, ಮುಖಕ್ಕೆ ಬಿಸಿ. ಬೆಳಕು ಹರಿಯೋವರೆಗೂ ಯಾರೂ ಒಳಗೆ ಹೋಗಲಿಲ್ಲ.